ಗಣಕಪೆಟ್ಟಿಗೆಯ ಹಸಿರು ದೀಪ

ಡಂಗುರ ಕೊಪ್ಪರಗಿರಿಯ ಸಂತೆಗೂ ಬಂತು.

"ಕೇಳಿರಪ್ಪೋ ಕೇಳಿ! ರಾಜ್ಯದ ಕೆರೆತೂಬುಗಳ ಸರದಿಯ ಲೆಕ್ಕ ಇಟ್ಟಿದ್ದ ಅರಮನೆಯ ಗಣಕಪೆಟ್ಟಿಗೆ ಸುಟ್ಟುಹೋಗಿದೆ. ಹೊಸ ಪೆಟ್ಟಿಗೆ ಬಂದಿದೆ. ಅದರ ಫ್ಯಾನುಗಳಿಗೆ ಸ್ವಿಚ್ಚು, ದೀಪ ಜೋಡಿಸುವವರು ಬಿಜ್ಜರಸ ದೊರೆಗಳ ಮೂರು ಒಗಟು ಬಿಡಿಸಬೇಕು. ಗೆದ್ದವರಿಗೆ ಕೇಳಿದ್ದು ಕೊಡುತ್ತಾರೆ. ಸೋತವರ ತಲೆ ಸೋಮವಾರ ಹೋಗುತ್ತದೆ, ಪೆಟ್ಟಿಗೆ ಸುಟ್ಟ ಕಾವಲಿನವಳ ತಲೆಯ ಜೊತೆಗೇ!"

ಸಂತೆಯಲ್ಲಿ ಗೋಣಿತಟ್ಟು ಹಾಸಿಕೊಂಡು ಮಿಕ್ಸಿ, ಟೇಬಲ್ ಫ್ಯಾನು ರಿಪೇರಿ ಮಾಡುತ್ತಿದ್ದ ಬೈಲಪ್ಪನ ಕೈಯಿಂದ ಸ್ಕ್ರೂಡ್ರೈವರ್ ಜಾರಿತು. ಆ ಕಾವಲಿನವಳು ಅವನ ಅಕ್ಕ ಚಿಕ್ಕತಾಯಿ. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಅವನು ಗೋಣಿತಟ್ಟು ಸುತ್ತಿ ಬಗಲಲ್ಲಿ ಇಟ್ಟುಕೊಂಡು ಅರಮನೆಗೆ ನಡೆದ.

ಸಭೆಯಲ್ಲಿ ಆಸ್ಥಾನದ ಪಂಡಿತರೊಬ್ಬರು ಆಗಲೇ ದೊರೆಯ ಮುಂದೆ ನಿಂತಿದ್ದರು.

"ಒಂದೇ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು," ಎಂದ ದೊರೆ. "ಇಬ್ಬರೂ ಒಂದೇ ಕಡೆ ಮುಖ ಮಾಡಿ ನಿಂತರೆ ಮನೆ ತಂಪಾಗಿರುತ್ತದೆ. ಮುಖಕ್ಕೆ ಮುಖ ಕೊಟ್ಟು ನಿಂತರೆ ಮನೆ ಬೆಂದುಹೋಗುತ್ತದೆ. ಯಾರು ಅವರು?"

"ಸೂರ್ಯಚಂದ್ರರು, ಪ್ರಭು! ಎದುರಾದರೆ ಗ್ರಹಣ!"

"ಗ್ರಹಣ ನಿಮಗೇ ಹಿಡಿಯಿತು," ಎಂದ ದೊರೆ. ಭಟರು ಪಂಡಿತರನ್ನು ಸೆರೆಮನೆಗೆ ಕರೆದೊಯ್ದರು. ಪೆಟ್ಟಿಗೆಯ ವಿಷಯ ಕೇಳಿದರೆ ಆಕಾಶ ನೋಡುವವರಿಗೆ ಇನ್ನೇನಾಗಬೇಕು?

ಮುಂದೆ ದಿವಾನರ ಅಳಿಯ ಬಂದ. ಪೆಟ್ಟಿಗೆ ಮಾರಿದ ವರ್ತಕನಿಗೆ ಊಟ ಹಾಕಿಸಿ ಮೊದಲ ಒಗಟಿನ ಉತ್ತರ ತಿಳಿದುಕೊಂಡಿದ್ದ. ಅದನ್ನು ದೊರೆಯ ಕಿವಿಯಲ್ಲಿ ಹೇಳಿ ಮೀಸೆ ತಿರುವಿದ.

"ಸರಿ. ಎರಡನೆಯದು ಕೇಳು. ಒಬ್ಬಳಿಗೆ ಒಂದು ಕಾಲು ಉದ್ದ, ಒಂದು ಗಿಡ್ಡ. ಕಾಲು ಅದಲುಬದಲು ಮಾಡಿ ನಿಲ್ಲಿಸಿದರೆ ಮುಖವೇ ತೋರಿಸುವುದಿಲ್ಲ. ಮನೆಯ ಅನ್ನವನ್ನೆಲ್ಲ ಒಟ್ಟಿಗೆ ಬಡಿಸಿದರೆ ಒಂದೇ ಸಲ ನಕ್ಕು ಸತ್ತುಹೋಗುತ್ತಾಳೆ. ಅವಳನ್ನು ಬದುಕಿಸುವುದು ಹೇಗೆ?"

ಈ ಒಗಟಿಗೆ ವರ್ತಕ ಊಟ ಮಾಡಿರಲಿಲ್ಲ. ಅಳಿಯ ಬೆವರಿದ. "ಕುಂಟಿಯಾದರೆ... ವೈದ್ಯರನ್ನು ಕರೆಸಬೇಕು, ಮಾವನವರ ಪರಿಚಯದವರಿದ್ದಾರೆ."

ಅವನೂ ಸೆರೆಮನೆಗೆ ಹೋದ.

ಆಮೇಲೆ ಯಾರೂ ಏಳಲಿಲ್ಲ. ಬೈಲಪ್ಪ ಎದ್ದು ಕೈಮುಗಿದ. ಸಭೆ ಅವನ ಗೋಣಿತಟ್ಟು ನೋಡಿ ನಕ್ಕಿತು.

"ಬುದ್ಧಿ, ಆ ಅಣ್ಣತಮ್ಮಂದಿರು ಪೆಟ್ಟಿಗೆಯ ಫ್ಯಾನುಗಳು. ಮುಂದಿನದು ತಣ್ಣನೆಯ ಗಾಳಿ ಒಳಗೆ ತರಬೇಕು, ಹಿಂದಿನದು ಬಿಸಿಗಾಳಿ ಹೊರಗೆ ಹಾಕಬೇಕು. ಅದಕ್ಕೆ ಇಬ್ಬರದೂ ಒಂದೇ ದಿಕ್ಕು. ಎದುರುಬದುರಾದರೆ ಗಾಳಿಗೆ ದಾರಿಯಿಲ್ಲ. ಆ ಹೆಂಗಸು ಸಣ್ಣ ಎಲ್‌ಇಡಿ ದೀಪ. ಉದ್ದದ ಕಾಲು ಪ್ಲಸ್ಸಿಗೆ, ಗಿಡ್ಡದ್ದು ಮೈನಸ್ಸಿಗೆ. ಫ್ಯಾನಿಗೆ ಕೊಡುವ ಕರೆಂಟನ್ನು ಹಾಗೇ ಕೊಟ್ಟರೆ ಚಕ್ಕನೆ ಉರಿದು ಸಾಯುತ್ತದೆ. ನಡುವೆ ಕರೆಂಟು ತಗ್ಗಿಸುವ ಒಂದು ರೆಸಿಸ್ಟರ್ ಹಾಕಬೇಕು. ತಟ್ಟೆ ಹಿಡಿದು ತುತ್ತು ತುತ್ತಾಗಿ ತಿನ್ನಿಸುವ ಅಕ್ಕನ ಹಾಗೆ."

ಸಭೆಯ ನಗು ನಿಂತಿತು. ದೊರೆ ಮುಂದಕ್ಕೆ ಬಾಗಿದ.

"ಮೂರನೆಯದು. ಒಳಗೆ ಅಣ್ಣ ಸತ್ತು ಬಿದ್ದಿದ್ದಾನೆ. ಬಾಗಿಲಲ್ಲಿ ತಂಗಿ ಎಲ್ಲ ಚೆನ್ನಾಗಿದೆ ಎಂದು ನಗುತ್ತಿದ್ದಾಳೆ. ಕಾವಲಿನವಳು ತಂಗಿಯ ನಗು ನೋಡಿದೆ ಎನ್ನುತ್ತಾಳೆ. ಸುಳ್ಳು ಹೇಳಿದವರು ಯಾರು?"

"ಕಾವಲಿನವಳೇ!" ಎಂದು ಸಭೆಯೆಲ್ಲ ಕೂಗಿತು.

ಬೈಲಪ್ಪ ಒಂದು ಹೆಜ್ಜೆ ಮುಂದೆ ಬಂದ. "ಬುದ್ಧಿ, ಸುಟ್ಟ ಪೆಟ್ಟಿಗೆಯನ್ನು ತರಿಸಿ. ಅವಳನ್ನೂ ಕರೆಸಿ."

ಪೆಟ್ಟಿಗೆ ಬಂತು. ಕೈಗೆ ಸರಪಳಿ ಹಾಕಿಕೊಂಡು ಚಿಕ್ಕತಾಯಿಯೂ ಬಂದಳು. ತಮ್ಮನನ್ನು ನೋಡಿ, "ನಿನಗೇನು ಕೆಲಸವೋ ಇಲ್ಲಿ? ಒಂದು ತಲೆ ಹೋಗೋದು ಸಾಲದಾ?" ಎಂದಳು.

ಬೈಲಪ್ಪ ಪೆಟ್ಟಿಗೆಯ ಮುಂದೆ ಕೂತ. ಮುಚ್ಚಳ ಬಿಚ್ಚಿ, ದೀಪದ ತಂತಿಯನ್ನು ಬೆರಳಲ್ಲಿ ಹಿಡಿದು ಅದು ಎಲ್ಲಿಂದ ಬಂದಿದೆ ಎಂದು ಹುಡುಕುತ್ತ ಹೋದ. ಸ್ವಿಚ್ಚಿನ ಹತ್ತಿರ ಬೆರಳು ನಿಂತಿತು. ಆಮೇಲೆ ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡಿದ್ದ ಏನನ್ನೋ ಮೆಲ್ಲಗೆ ಬಿಡಿಸಿದ. ಬಾಡಿದ ಚೆಂಡುಹೂವು, ಒಂದು ಮೊಳ ದಾರ.

"ಯಾರೂ ಸುಳ್ಳು ಹೇಳಿಲ್ಲ ಬುದ್ಧಿ. ಅಣ್ಣ ಈ ಫ್ಯಾನು, ತಂಗಿ ಈ ಹಸಿರು ದೀಪ. ಈ ದೀಪದ ತಂತಿ ಸ್ವಿಚ್ಚಿನಿಂದಲೇ ಬಂದಿದೆ. ಸ್ವಿಚ್ಚು ಹಾಕಿದ್ದಾರಾ ಅಂತ ಕೇಳಿದರೆ ಹೌದು ಅನ್ನುತ್ತದೆ, ಅಷ್ಟೇ. ಫ್ಯಾನು ತಿರುಗುತ್ತಿದೆಯಾ ಅಂತ ಅದನ್ನು ಯಾರೂ ಕೇಳೇ ಇಲ್ಲ. ಫ್ಯಾನನ್ನು ಹಿಡಿದು ನಿಲ್ಲಿಸಿದ್ದು ಆಯುಧಪೂಜೆಯ ಹಾರ."

ಸಭೆಯ ಕಣ್ಣು ದೊರೆಯ ಕಡೆ ತಿರುಗಿತು. ಅಂದು ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿದ್ದು ದೊರೆಯೇ.

"ಫ್ಯಾನು ನೋಡದೆ ಬರೀ ದೀಪ ನೋಡು ಎಂದು ಇವಳಿಗೆ ಹೇಳಿಕೊಟ್ಟವರು ಯಾರು?" ದೊರೆಯ ದನಿ ಗಡುಸಾಯಿತು.

ಬೈಲಪ್ಪ ತಲೆ ತಗ್ಗಿಸಿದ. ಚಿಕ್ಕತಾಯಿ ತಗ್ಗಿಸಲಿಲ್ಲ.

"ದಿನಾ ಬೆಳಿಗ್ಗೆ ಹೊಸ್ತಿಲಾಚೆಯಿಂದಲೇ ಇಣುಕಿ, ದೀಪ ಉರೀತಾ ಇದೆ, ಸರಿ ಅಂತ ಹೋಗುತ್ತಿದ್ದವರು ಯಾರು ಸ್ವಾಮಿ? ನೀವು ನೋಡೋದನ್ನೇ ನಾವೂ ನೋಡೋದು ಕಲಿತೆವು."

ದೊರೆ ಆ ದಾರವನ್ನು ಕೈಗೆ ತೆಗೆದುಕೊಂಡ. ದಿನವೂ ಸಭೆಯಲ್ಲಿ ದಿವಾನರು ಹೇಳುವ 'ಅಪ್ಪಣೆಯಾಗಿದೆ ಪ್ರಭು' ಎಂಬ ಮಾತಿಗೆ ತಲೆಯಾಡಿಸಿದ್ದು ಅವನಿಗೆ ನೆನಪಾಗಿರಬೇಕು. ಅಪ್ಪಣೆ ಆದದ್ದು ನಿಜ. ಕೆಲಸ ಆಯಿತೇ ಎಂದು ಅವನು ಕೇಳಿರಲಿಲ್ಲ.

"ಇವಳ ಸರಪಳಿ ಬಿಚ್ಚಿ," ಎಂದ ಕೊನೆಗೆ. "ಒಗಟು ಕೇಳಿದವನಿಗೇ ಇದರ ಉತ್ತರ ಗೊತ್ತಿರಲಿಲ್ಲ. ಏನು ಬೇಕು ಕೇಳಯ್ಯ."

"ಕೇಳಬೇಕೆಂದಿದ್ದು ಅಕ್ಕನ ತಲೆಯನ್ನೇ. ಅದನ್ನು ಕೊಟ್ಟಿರಿ. ಇನ್ನು ಒಳಗಿರುವ ಆ ಇಬ್ಬರನ್ನೂ ಬಿಟ್ಟುಬಿಡಿ ಬುದ್ಧಿ. ಗೊತ್ತಿಲ್ಲದ್ದಕ್ಕೆ ತಲೆ ತೆಗೆದರೆ ನಾಳೆಯಿಂದ ಯಾರೂ ಗೊತ್ತಿಲ್ಲ ಅನ್ನುವುದಿಲ್ಲ. ಎಲ್ಲರೂ ಹಸಿರು ದೀಪ ಹಚ್ಚಿಕೊಂಡು ಕೂರುತ್ತಾರೆ."

ದೊರೆ ಅವರನ್ನು ಬಿಟ್ಟ. ಬೈಲಪ್ಪನಿಗೆ ಹೊಸ ಪೆಟ್ಟಿಗೆಯ ಕೆಲಸವನ್ನೂ ಅರಮನೆಯ ಬೀದಿಯಲ್ಲಿ ಒಂದು ಅಂಗಡಿಯನ್ನೂ ಕೊಟ್ಟ. ಬೈಲಪ್ಪ ಸ್ವಿಚ್ಚು ಹಾಕಿದ, ದೀಪ ಹಾಕಿದ. ಬಿಸಿಗಾಳಿ ಹೊರಬರುವ ಜಾಲರಿಗೆ ಅದೇ ಹಾರದ ದಾರದ ಒಂದು ಗೇಣು ತುಂಡು ಕಟ್ಟಿದ. ಫ್ಯಾನು ತಿರುಗಿದರೆ ದಾರ ಹಾರಾಡುತ್ತದೆ, ನಿಂತರೆ ಜೋತುಬೀಳುತ್ತದೆ.

ಮರುದಿನ ಬೆಳಿಗ್ಗೆ ದೊರೆ ಹೊಸ್ತಿಲಲ್ಲಿ ನಿಂತು ಇಣುಕಿದ. ದೀಪ ಉರಿಯುತ್ತಿತ್ತು.

"ಒಳಗೆ ಬನ್ನಿ ಸ್ವಾಮಿ, ದಾರ ಅಲ್ಲಿಂದ ಕಾಣೋಲ್ಲ," ಎಂದಳು ಚಿಕ್ಕತಾಯಿ.

ದೊರೆ ಚಪ್ಪಲಿ ಬಿಟ್ಟು ಒಳಗೆ ಬಂದ.