ಮದುವೆಗೆ ಬೀಸಿಸಿದ ಹಿಟ್ಟು

ಕಲ್ಲೊಡ್ಡಿನ ಮಠದಲ್ಲಿ ಪೂಜ್ಯ ನೀಲಗಂಗಮ್ಮ ತಾಯಿಯವರಿಗೆ ಬೇರೆ ಪೀಠವಿರಲಿಲ್ಲ. ಬೆಳಗಿನಿಂದಲೇ ದಾಸೋಹದ ಒಲೆಯ ಮುಂದೆ ಕುಳಿತಿರುತ್ತಿದ್ದರು. ದರ್ಶನಕ್ಕೆ ಬಂದವರು ಹೊಗೆಗೆ ಕಣ್ಣೊರೆಸಿಕೊಳ್ಳುತ್ತಲೇ ನಮಸ್ಕರಿಸಬೇಕಾಗಿತ್ತು. ಬೇಳೆ ತಳ ಹತ್ತಿದರೆ ಹಸಿ ಕಟ್ಟಿಗೆಯನ್ನು ದೂರುತ್ತಿರಲಿಲ್ಲ. "ನಾ ಮರತೆ" ಎಂದಷ್ಟೇ ಹೇಳುತ್ತಿದ್ದರು.

ಒಂದು ಸೋಮವಾರ ಕಾಶವ್ವ ಬಂದಳು. ಬರಿಗೈಲಿ ಬರಬಾರದೆಂಬ ರೂಢಿಯಂತೆ ಬುಟ್ಟಿಯಲ್ಲಿ ಜೋಳದ ಹಿಟ್ಟು ತಂದಿದ್ದಳು. ಹೊರಗೆ ಕಟ್ಟೆಯ ಮೇಲೆ ಅವಳ ಹೊಸ ಸೊಸೆ ರುದ್ರವ್ವ ಬಟ್ಟೆಯ ಗಂಟು ಹಿಡಿದು ಕುಳಿತಿದ್ದಳು. ಮಧ್ಯಾಹ್ನದ ಬಸ್ಸಿಗೆ ಆಕೆಯನ್ನು ತವರಿಗೆ ಅಟ್ಟಿಬಿಡುವುದೆಂದು ಕಾಶವ್ವ ನಿಶ್ಚಯಿಸಿದ್ದಳು. ತಾಯಿಯವರ ಅಪ್ಪಣೆಯೊಂದು ಬೇಕಾಗಿತ್ತು.

"ಮದಿವ್ಯಾಗಿ ಎರಡು ತಿಂಗಳಾತ್ರೀ ಯವ್ವಾ, ಒಂದು ರೊಟ್ಟಿ ನೆಟ್ಟಗ ಬಡಿಯೂದಿಲ್ಲ. ಎಲ್ಲಾ ಹರೀತಾವು. ಮನಸ್ಸಿಟ್ಟು ಮಾಡೂದಿಲ್ಲರೀ ಆಕಿ. ಸೊಕ್ಕಿನಾಕಿ!"

"ಹರಕು ರೊಟ್ಟಿ ತಿಂದs ನಿನ್ನ ಮಗ ಹಿಂಗ ದುಂಡಗಾದನೇನು?" ಎಂದು ಕಾಯಿಪಲ್ಲೆ ಹೆಚ್ಚುತ್ತಿದ್ದ ಮುದುಕಿಯೊಬ್ಬಳು ನಕ್ಕಳು.

ತಾಯಿಯವರು ನಗಲಿಲ್ಲ. "ಬಿಸಿಲಾಗ ಬಂದಾಳ, ಮೊದಲು ಇಬ್ಬರಿಗೂ ನೀರು ಕೊಡ್ರಿ" ಎಂದರು. ಆಮೇಲೆ ಪಕ್ಕಕ್ಕೆ ಸರಿದು ಒಲೆಯ ಮುಂದೆ ಜಾಗ ಬಿಟ್ಟರು. "ಕಾಶವ್ವಾ, ನೀ ತಂದ ಹಿಟ್ಟಿನಾಗ ಎರಡು ರೊಟ್ಟಿ ಬಡಿ."

ಮೂವತ್ತು ವರ್ಷ ಬಡಿದ ಕೈ. ಕಾಶವ್ವ ಹಿಟ್ಟು ನಾದಿ ಉತ್ಸಾಹದಿಂದ ಬಡಿದಳು. ಅಂಗೈಯಗಲವಾಗುವಷ್ಟರಲ್ಲಿ ಅಂಚು ಸೀಳಿತು. ಎತ್ತಿ ಹಂಚಿಗೆ ಹಾಕುವಾಗ ಎರಡು ತುಂಡಾಯಿತು. ಎರಡನೆಯದೂ ಹಾಗೆಯೇ.

"ನನ್ನ ಕೈಯೇನು ಮಾಡೀತ್ರೀ! ಹಿಟ್ಟಿನಾಗ ಜಿಗೀನs ಇಲ್ಲ. ಮದಿವಿಗಂತ ಗಿರಣ್ಯಾಗ ಬೀಸಿಸಿದ್ದು, ಚೀಲಗಟ್ಟಲೆ ಉಳದೈತಿ."

ತಾಯಿಯವರು ಹರಿದ ತುಂಡುಗಳನ್ನು ಹಂಚಿನ ಮೇಲೆ ಮೆಲ್ಲಗೆ ಕೂಡಿಸಿಡುತ್ತ ಕೇಳಿದರು:

"ಮನ್ಯಾಗ ರುದ್ರವ್ವ ಯಾವ ಹಿಟ್ಟು ಬಡೀತಾಳ?"

ಕಾಶವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಅದೇ ಚೀಲದ ಬಾಯಿ ಬಿಚ್ಚಿ ಸೊಸೆಗೆ ದಿನವೂ ಹಿಟ್ಟು ಅಳೆದು ಕೊಡುತ್ತಿದ್ದವಳು ಅವಳೇ.

"ಹಳೇ ಹಿಟ್ಟು ನಾದಾಕ ಎಸರು ನೀರು ಚೆನ್ನಾಗಿ ಕುದೀಬೇಕವ್ವಾ" ಎಂದರು ತಾಯಿಯವರು, ಅವಳ ಬೆನ್ನ ಮೇಲೆ ಕೈಯಿಟ್ಟು. "ನಿನಗೂ ಈ ದಿನ ದಣಿವಾಗೇತಿ. ಉಂಡು ಹೋಗ್ರಿ, ಇಬ್ಬರೂ."

ಹರಿದ ಆ ರೊಟ್ಟಿಯನ್ನೇ ಅತ್ತೆ ಸೊಸೆ ಒಂದೇ ತಟ್ಟೆಯಲ್ಲಿ ಉಂಡರು. ಬಸ್ಸು ಹಾರ್ನ್ ಹಾಕಿ ಹೋಯಿತು. ಬಟ್ಟೆಯ ಗಂಟನ್ನು ಕಾಶವ್ವ ತಾನೇ ಹೊತ್ತು ಮನೆಯ ದಾರಿ ಹಿಡಿದಳು.

ಮುಂದೆ ಆ ಮನೆಯಲ್ಲಿ ಸೊಸೆಯ ರೊಟ್ಟಿ ಹರಿದರೆ ಕಾಶವ್ವ "ಹಿಟ್ಟಿಂದು ತಪ್ಪು ನೋಡ್ರಿ" ಎನ್ನುತ್ತಿದ್ದಳು. ತನ್ನದು ಹರಿದರೆ, "ನನ್ನ ಕೈದು" ಎನ್ನುತ್ತಿದ್ದಳು.