ಸಣ್ಣ ಕ್ರಾಸು

ಹೊಳೆದಂಡೆಯ ಶೆಡ್ಡಿನಲ್ಲಿ ದಸ್ತಗೀರ್ ಉಸ್ತಾದರ ಎರಡು ಲಾರಿ, ಇಬ್ಬರು ಶಿಷ್ಯರು. ಕೊಟ್ರೇಶಿ ಬಂದು ಹನ್ನೊಂದು ವರ್ಷ. ದುರುಗಪ್ಪ ಬಂದು ಒಂದೂವರೆ.

ಕೊಟ್ರೇಶಿ ಗುಡ್ಡದ ಕಲ್ಲುದಾರಿಯಲ್ಲಿ ಲಾರಿ ಓಡಿಸುತ್ತಿದ್ದ. ದುರುಗಪ್ಪನದು ಹೊಳೆ ದಾಟುವ ಮರಳುದಾರಿ.

ಲಾರಿಯಡಿ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಉದ್ದ ಶಾಫ್ಟ್ ಇರುತ್ತದಲ್ಲ, ಅದರ ಕೀಲಿನಲ್ಲಿ ಕೂರುವ ನಾಲ್ಕು ಕಾಲಿನ ಉಕ್ಕಿನ ತುಂಡೇ ಕ್ರಾಸು. ದುರುಗಪ್ಪನ ಶಾಫ್ಟಿನಲ್ಲಿ ದಪ್ಪ ಕ್ರಾಸು. ಕೊಟ್ರೇಶಿಯದರಲ್ಲಿ ಸಣ್ಣದು.

ಕೊಟ್ರೇಶಿಗೆ ಹೊಟ್ಟೆ ಉರಿಯಿತು. ಅನ್ನ ಸೇರಲಿಲ್ಲ.

"ಉಸ್ತಾದ್, ಯಾವುದು ಗಟ್ಟಿ?"

"ದಪ್ಪದ್ದು."

"ಕಲ್ಲುದಾರಿ ಯಾರದು?"

"ನಿಂದು."

"ಮತ್ತೆ ದಪ್ಪದ್ದು ಅವನಿಗೆ ಯಾಕೆ?"

ಉಸ್ತಾದರು ಇನ್ನೊಂದು ಸಣ್ಣ ಕ್ರಾಸು, ಸುತ್ತಿಗೆ, ಇಕ್ಕಳ ಬಟ್ಟೆಯಲ್ಲಿ ಗಂಟು ಕಟ್ಟಿ ಅವನ ಸೀಟಿನ ಕೆಳಗಿಟ್ಟರು. ದುರುಗಪ್ಪನಿಗೆ ಅಂಥ ಗಂಟು ಇರಲಿಲ್ಲ.

ಮುರಿಯುತ್ತೆ ಅಂತ ಗೊತ್ತಿದ್ದೇ ಕೊಟ್ಟಿದ್ದಾರೆ ಅಂದುಕೊಂಡ ಕೊಟ್ರೇಶಿ. ಹನ್ನೊಂದು ವರ್ಷ ಗ್ರೀಸು ಬಳಿದುಕೊಂಡವನಿಗೆ ಸಿಕ್ಕಿದ್ದು ಇಷ್ಟು. ನಿನ್ನೆ ಮೊನ್ನೆ ಬಂದವನು ಮುದ್ದಿನ ಮಗ.

ಮಧ್ಯಾಹ್ನ ಉಸ್ತಾದರು ನಮಾಜಿಗೆ, ದುರುಗಪ್ಪ ಊಟಕ್ಕೆ ಹೋದಾಗ ಎರಡೂ ಲಾರಿಯ ಶಾಫ್ಟ್ ಬಿಚ್ಚಿ ಅದಲುಬದಲು ಮಾಡಿದ. ಗಂಟನ್ನು ಶೆಡ್ಡಿನ ಮೂಲೆಗೆ ಎಸೆದ. ಅವತ್ತು ಹೊಟ್ಟೆ ತುಂಬಾ ಉಂಡ.

ಮರುದಿನ ಬೆಳಿಗ್ಗೆ ಇಬ್ಬರೂ ಹೊರಟರು. ಮಧ್ಯಾಹ್ನದ ಹೊತ್ತಿಗೆ ಕೊಟ್ರೇಶಿ ಗುಡ್ಡದಿಂದ ನಡೆದುಕೊಂಡು ಬಂದ.

"ಲಾರಿ ಎಲ್ಲಿ?"

"ಮೇಲಿದೆ ಉಸ್ತಾದ್. ಚಕ್ರ ಕಲ್ಲಿನ ಸಂದೀಲಿ ಸಿಕ್ಕಿಹಾಕ್ಕೊಂಡಿತು. ಆಕ್ಸಿಲರೇಟರ್ ಜೋರಾಗಿ ಒತ್ತಿದೆ."

"ಕ್ರಾಸು ಹೋಯ್ತಾ?"

"ಇಲ್ಲ. ದಪ್ಪದ್ದು ಹಾಕ್ಕೊಂಡಿದ್ದೆ. ಅದಕ್ಕೆ ಒಂದು ಗೀರೂ ಬಿದ್ದಿಲ್ಲ."

"ಏನು ಹೋಯ್ತು?"

ಕೊಟ್ರೇಶಿ ತಲೆ ತಗ್ಗಿಸಿದ. "ಗೇರ್‌ಬಾಕ್ಸು."

"ಗುಡ್ಡದ ಮೇಲೆ ಗೇರ್‌ಬಾಕ್ಸು ರಿಪೇರಿ ಮಾಡ್ತೀಯಾ?"

"ಅದು ಆಗಲ್ಲ."

"ಸಣ್ಣ ಕ್ರಾಸು ಮುರಿದಿದ್ರೆ?"

"ಗೇರ್‌ಬಾಕ್ಸು ಉಳೀತಿತ್ತು. ಅರ್ಧ ಗಂಟೆ ಕೆಲಸ. ಬೇರೇದು ಕೂರಿಸಿ ಬಂದುಬಿಡ್ತಿದ್ದೆ." ಹೇಳುತ್ತಲೇ ಅವನ ದನಿ ಇಳಿಯಿತು.

ಆದರೂ ಉರಿ ಪೂರ್ತಿ ಆರಿರಲಿಲ್ಲ.

"ಹಾಗಾದ್ರೆ ದುರುಗಪ್ಪನಿಗೂ ಸಣ್ಣದೇ ಕೊಡಬೇಕಿತ್ತಲ್ಲ, ಉಸ್ತಾದ್?"

"ಕೊಟ್ಟೆಯಲ್ಲ, ನೀನು. ಕ್ಲಚ್ಚು ಇನ್ನೂ ದಡಕ್ಕನೆ ಬಿಡ್ತಾನೆ ಅವನು. ಮರಳಲ್ಲೇ ಮುರಿದಿದೆ. ಕುರಿಯವರು ಹೇಳಿ ಹೋದ್ರು, ಬೆಳಿಗ್ಗೆಯಿಂದ ಹೊಳೆ ನಡುವೆ ಕೂತಿದ್ದಾನಂತೆ."

ಉಸ್ತಾದರು ಮೂಲೆಗೆ ಹೋಗಿ ಗಂಟನ್ನು ಎತ್ತಿದರು. ಧೂಳು ಕೊಡವಿ ಕೊಟ್ರೇಶಿಯ ಕೈಗೆ ಕೊಟ್ಟರು.

"ಕೂರಿಸೋಕೆ ಬಾರದವನಿಗೆ ಮುರಿಯದ್ದು ಕೊಟ್ಟಿದ್ದೆ, ಕೊಟ್ರ. ಹೋಗು, ಅವನಿಗೆ ಕಲಿಸಿ ಬಾ."