ಅಚ್ಚಿಲ್ಲದ ಕತ್ತಿ

"ಗುರುಗಳೇ, ಒಂದು ಬೆರಳು ಮಡಚಿದರೆ ನನಗೆ ಆಗುವ ನಷ್ಟವಾದರೂ ಏನು?" ಎಂದು ಕರಿಬಸವ ಕೇಳಿದ.

ಗುರುಗಳು ಮಠದ ಔಷಧಶಾಲೆಯಲ್ಲಿ ಕೂತು ಬೇರು ತೇಯುತ್ತಿದ್ದರು. ತೇಯುವುದನ್ನು ನಿಲ್ಲಿಸಲಿಲ್ಲ. ಪ್ರಶ್ನೆ ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿತ್ತು.

ಕರಿಬಸವ ಈ ಮಠಕ್ಕೆ ಬರುವ ಮೊದಲು ಎಂಟು ವರ್ಷ ಹೊಳೆಯಾಚೆಯ ಒಬ್ಬ ಹಕೀಮರ ಬಳಿ ವೈದ್ಯ ಕಲಿತವನು. ಹಕೀಮರು ರೋಗಿಯ ನಾಡಿಯ ಮೇಲೆ ನಾಲ್ಕು ಬೆರಳಿಡುತ್ತಿದ್ದರು. ಮಠದ ವೈದ್ಯರು ಇಡುವುದು ಮೂರೇ ಬೆರಳು. ಕರಿಬಸವ ಇಲ್ಲಿಗೆ ಬಂದು ಏಳು ವರ್ಷವಾಗಿತ್ತು. ಆದರೂ ನಾಡಿ ಹಿಡಿದಾಗಲೆಲ್ಲ ಅವನ ಕಿರುಬೆರಳು ತಾನಾಗಿಯೇ ಹೋಗಿ ಉಳಿದ ಮೂರರ ಪಕ್ಕ ಕೂರುತ್ತಿತ್ತು. ಅದು ಮಠದ ಹಿರಿಯರ ಕಣ್ಣಿಗೆ ಬಿದ್ದಿತ್ತು. ನಾಳೆಯ ಸಭೆಯಲ್ಲಿ ಅವನಿಗೆ ಮಠದ ಹೆಸರಿನಲ್ಲಿ ವೈದ್ಯ ಮಾಡುವ ಅಧಿಕಾರ ಕೊಡುವುದಿತ್ತು. ಅದಕ್ಕೆ ಮೊದಲು ಅವನು ಎಲ್ಲರೆದುರು ಕಿರುಬೆರಳು ಮಡಚಿ ನಾಡಿ ನೋಡಬೇಕು, ಹೊಳೆಯಾಚೆ ಕಲಿತದ್ದನ್ನು ಬಿಟ್ಟೆ ಎಂದು ಬಾಯಿಬಿಟ್ಟು ಹೇಳಬೇಕು ಎಂದು ಹಿರಿಯರು ಪಟ್ಟು ಹಿಡಿದಿದ್ದರು. ಹೇಳದಿದ್ದರೆ ಹದಿನೈದು ವರ್ಷದ ಕಲಿಕೆ ನೀರುಪಾಲು.

"ಒಂದೇ ಒಂದು ಮಾತು. ಹೇಳಿಬಿಟ್ಟರೆ ಮುಗಿಯಿತು" ಎಂದ ಕರಿಬಸವ. "ಕಲಿತದ್ದು ಒಳಗೆ ಇದ್ದೇ ಇರುತ್ತದಲ್ಲ."

ಗುರುಗಳು ಬೇರನ್ನು ಪಕ್ಕಕ್ಕಿಟ್ಟು ಕೈ ಒರೆಸಿಕೊಂಡರು. "ಕೂತುಕೋ" ಎಂದರು. ಆಮೇಲೆ ಅವರು ಹೇಳಿದ ಕತೆ ಇದು.

ಒಂದು ಕೋಟೆಯ ಊರು. ಅಲ್ಲಿ ಕಮ್ಮಾರರ ಎರಡು ಕೇರಿಗಳು. ಮೇಲುಕೇರಿಯವರು ಮೊದಲಿನಿಂದ ಅಲ್ಲಿಯೇ ಇದ್ದವರು. ಬೆಟ್ಟದ ಕಲ್ಲನ್ನು ಕರಗಿಸಿ, ಮೂಸೆಯಲ್ಲಿಟ್ಟು ಬೇಯಿಸಿ ಉಕ್ಕು ತೆಗೆಯುವುದರಲ್ಲಿ ಅವರದು ಎತ್ತಿದ ಕೈ. ಅವರ ಕತ್ತಿ ನೆಟ್ಟಗಿರುತ್ತಿತ್ತು, ಗಡುಸಾಗಿರುತ್ತಿತ್ತು. ಕೆಳಕೇರಿಯವರ ಅಜ್ಜಂದಿರು ಕುದುರೆ ಮಾರುವವರ ಜೊತೆ ದೂರದ ಮರಳುನಾಡಿನಿಂದ ಬಂದವರು. ಅವರ ಕತ್ತಿ ಮೆತ್ತನೆಯ ಕಬ್ಬಿಣದ್ದು. ತೆಳ್ಳಗೆ, ಬಾಗಿಕೊಂಡು, ಎಳೆದರೆ ಬಳುಕುವಂಥದ್ದು. ಮೇಲಿನವರು ಕೆಳಗಿನ ಕತ್ತಿಯನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಕೆಳಗಿನವರು ಮೇಲಿನ ಕತ್ತಿಯನ್ನು ಕಂಡರೆ ನಗುತ್ತಿದ್ದರು. ಇಷ್ಟರಲ್ಲೇ ಎರಡೂ ಕೇರಿಗೆ ಸುಖವಿತ್ತು.

ಆ ಊರಿನಲ್ಲಿ ಎರಡು ಕಟ್ಟಳೆಗಳಿದ್ದವು. ಒಂದು, ಪ್ರತಿ ಕತ್ತಿಯ ಬುಡದಲ್ಲಿ ಕೇರಿಯ ಅಚ್ಚು ಒತ್ತಿರಬೇಕು. ಮೇಲುಕೇರಿಯದು ಬಿಲ್ವದೆಲೆ, ಕೆಳಕೇರಿಯದು ಕುದುರೆಯ ಲಾಳ. ಅಚ್ಚಿಲ್ಲದ ಕತ್ತಿ ಕೋಟೆಯ ಬಾಗಿಲು ದಾಟುವಂತಿರಲಿಲ್ಲ. ಇನ್ನೊಂದು, ಆಯುಧಪೂಜೆಯ ಹಿಂದಿನ ದಿನ ಎಲ್ಲರೂ ಕುಲುಮೆ ಆರಿಸಬೇಕು. ಮರುದಿನ ಬೆಳಿಗ್ಗೆ ಕೇರಿಯ ಯಜಮಾನ ತನ್ನ ಕುಲುಮೆಯ ಕೆಂಡವನ್ನು ಮಡಕೆಯಲ್ಲಿ ತಂದು ಮನೆಮನೆಗೆ ಕೊಡುತ್ತಾನೆ. ಆ ಕೆಂಡದಿಂದಲೇ ಹೊಸ ಬೆಂಕಿ ಹೊತ್ತಬೇಕು. ಯಜಮಾನ ಕೆಂಡ ಕೊಡದೆ ಬಾಗಿಲು ದಾಟಿ ಮುಂದಕ್ಕೆ ಹೋದನೆಂದರೆ ಆ ಮನೆಯವನು ಆ ವರ್ಷ ಕಮ್ಮಾರನಲ್ಲ.

ಮೇಲುಕೇರಿಯ ಕೊನೆಯಲ್ಲಿ ಒಬ್ಬ ಕಮ್ಮಾರನಿದ್ದ. ಅವನ ಅಪ್ಪ ಮೇಲುಕೇರಿಯವನು, ಅವ್ವ ಕೆಳಕೇರಿಯವಳು. ಚಿಕ್ಕಂದಿನಲ್ಲಿ ಅವನು ಎರಡೂ ಕೇರಿಯ ಕುಲುಮೆಗಳಲ್ಲಿ ಗಾಳಿಯೂದುವ ತಿದಿ ಒತ್ತಿ ಬೆಳೆದಿದ್ದ. ದೊಡ್ಡವನಾದ ಮೇಲೆ ಅಪ್ಪನ ಕುಲುಮೆ, ಅಪ್ಪನ ಅಚ್ಚು. ಯಾರೂ ಏನೂ ಅನ್ನುವಂತಿರಲಿಲ್ಲ. ಅವನ ತಮ್ಮ ಕೋಟೆ ಬಾಗಿಲ ಕಾವಲಿಗೆ ಸೇರಿದಾಗ ಕಮ್ಮಾರನೇ ಕತ್ತಿ ಮಾಡಿಕೊಟ್ಟ. ಅಪ್ಪಟ ಮೇಲುಕೇರಿಯ ಉಕ್ಕು, ಬುಡದಲ್ಲಿ ಬಿಲ್ವದೆಲೆ.

ಒಂದು ದಿನ ಬಾಗಿಲಿಗೆ ಕಳ್ಳರ ದಂಡು ಬಿತ್ತು. ಎರಡನೆಯ ಪೆಟ್ಟಿಗೇ ಆ ಕತ್ತಿ ಮುರಿಯಿತು. ತಮ್ಮನ ಬಲಗೈ ಮಣಿಕಟ್ಟಿನಿಂದ ಹೋಯಿತು. ಜೀವ ಉಳಿದದ್ದೇ ಹೆಚ್ಚು. ಅವನನ್ನು ಹೊತ್ತು ತಂದವರು ಕತ್ತಿಯ ಹಿಡಿಯನ್ನೂ ತಂದು ಜಗುಲಿಯ ಮೇಲಿಟ್ಟರು. ಹಿಡಿಯ ಜೊತೆ ಗೇಣುದ್ದದ ತುಂಡು ಉಳಿದಿತ್ತು. ಅದರ ಮೇಲೆ ಬಿಲ್ವದೆಲೆ ಹಾಗೇ ಇತ್ತು. ಅಚ್ಚಿಗೆ ಮಾತ್ರ ಏನೂ ಆಗಿರಲಿಲ್ಲ. ಕಮ್ಮಾರ ಅದರ ಮೇಲೆ ಬೆರಳಾಡಿಸಿ ನೋಡಿದ. ಅವನು ಅಂದು ಅಳಲಿಲ್ಲ. ಅವನಿಗೆ ಬಂದದ್ದು ಸಿಟ್ಟು, ಮೊದಲು ತನ್ನ ಮೇಲೆ, ಆಮೇಲೆ ಅಚ್ಚಿನ ಮೇಲೆ.

ಗಾಯ ಮಾಯ್ದ ಮೇಲೆ ತಮ್ಮ ಎಡಗೈಯಿಂದ ತಿದಿ ಒತ್ತಲು ಕೂತ. "ಅಣ್ಣ, ಇನ್ನೊಂದು ಮಾಡು. ಕಡೀಬೇಕು, ಮುರೀಬಾರ್ದು. ನನಗಲ್ಲ, ಈಗ ಆ ಬಾಗಿಲಲ್ಲಿ ನಿಂತಿದಾನಲ್ಲ, ಅವನಿಗೆ" ಎಂದ.

ಕಡಿಯುವುದು ಮೇಲುಕೇರಿಯ ಉಕ್ಕು. ಮುರಿಯದ್ದು ಕೆಳಕೇರಿಯ ಕಬ್ಬಿಣ. ಎರಡನ್ನೂ ಕೂಡಿಸಬೇಕೆಂದು ಕಮ್ಮಾರನಿಗೆ ಗೊತ್ತಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೂಡಿಸುವುದು ಹೇಗೆಂದು ಗೊತ್ತಾಗಲು ಎರಡು ವರ್ಷ ಹಿಡಿಯಿತು. ಉಕ್ಕನ್ನು ಮಂದ ಕೆಂಪಿನಲ್ಲೇ ಬಡಿಯಬೇಕು. ಕಬ್ಬಿಣ ಬೆಸೆದುಕೊಳ್ಳುವುದು ಬೆಳ್ಳಗೆ ಕಾದಾಗ. ಕಬ್ಬಿಣದ ಹದಕ್ಕೆ ಕಾಯಿಸಿದರೆ ಉಕ್ಕು ಸುತ್ತಿಗೆಯಡಿ ಬೆಲ್ಲದಂತೆ ಪುಡಿಯಾಗುತ್ತಿತ್ತು. ಉಕ್ಕಿನ ಹದಕ್ಕೆ ಕಾಯಿಸಿದರೆ ಎರಡೂ ಒಂದರ ಮುಖ ಒಂದು ನೋಡುತ್ತಿರಲಿಲ್ಲ. ಒಮ್ಮೆ ಹೇಗೋ ಕಷ್ಟಪಟ್ಟು ಅಂಚಿಗೆ ಉಕ್ಕು, ಬೆನ್ನಿಗೆ ಕಬ್ಬಿಣ ಕೂಡಿಸಿದ. ನಿಂಬೆಹುಳಿ ಹಚ್ಚಿ ತೊಳೆದಾಗ ನಡುವೆ ನೂಲು ಹಿಡಿದಂಥ ಗೆರೆ ಕಂಡಿತು. ನೋಡಲು ಬಹಳ ಚೆಂದವಿತ್ತು. ಬಗ್ಗಿಸಿದಾಗ ಆ ಗೆರೆಯಲ್ಲೇ ಬಿರಿಯಿತು.

ಯುಗಾದಿಯ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಎಡಗೈಯಲ್ಲಿ ತಿನ್ನುವುದನ್ನು ಇನ್ನೂ ಕಲಿಯುತ್ತಿದ್ದ ತಮ್ಮ ಹೋಳಿಗೆಯನ್ನು ಹರಿದು ಅದನ್ನೇ ನೋಡುತ್ತಾ ಕೂತ. "ಅಣ್ಣ, ಮೇಲೆಲ್ಲ ಸುಟ್ಟೈತೆ, ಹೂರಣ ಸೀದಿಲ್ಲ ನೋಡು" ಎಂದ. ಕಮ್ಮಾರ ಎಲೆಯ ಮುಂದಿನಿಂದ ಎದ್ದುಹೋದ. ಅವ್ವ ಕೂಗಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವನು ಉಕ್ಕನ್ನು ಕಬ್ಬಿಣದೊಳಗೆ ಹೂರಣದಂತೆ ಇಟ್ಟು ಸುತ್ತಲೂ ಮುಚ್ಚಿದ. ಉರಿಯನ್ನು ಕಬ್ಬಿಣ ಮೈಮೇಲೆ ತೆಗೆದುಕೊಂಡಿತು. ಉಕ್ಕು ಒಳಗೆ ತನಗೆ ಬೇಕಾದಷ್ಟೇ ಕಾಯಿತು. ಬಡಿದು ಉದ್ದ ಮಾಡಿದ, ಮಡಚಿದ, ಮತ್ತೆ ಬಡಿದ. ಹಲವು ಸಲ ಕೆಟ್ಟಿತು. ಕೆಟ್ಟದ್ದನ್ನು ಮೂಲೆಗೆಸೆದು ಮತ್ತೆ ಹಿಡಿದ. ಕೊನೆಗೆ ಒಂದು ಕತ್ತಿ ನಿಂತಿತು. ಬುಡದಿಂದ ಅರ್ಧದವರೆಗೆ ಮೇಲುಕೇರಿಯ ಕತ್ತಿಯಂತೆ ನೆಟ್ಟಗೆ, ಅಲ್ಲಿಂದ ತುದಿಯವರೆಗೆ ಕೆಳಕೇರಿಯ ಕತ್ತಿಯಂತೆ ಬಾಗು. ಅಚ್ಚಿನ ಜಾಗವನ್ನು ಉಜ್ಜಿ ಖಾಲಿ ಬಿಟ್ಟ.

ಆಯುಧಪೂಜೆಗೆ ನಾಲ್ಕು ದಿನವಿರುವಾಗ ಅದನ್ನು ಎರಡೂ ಕೇರಿಯ ನಡುವಿನ ಹುಣಸೆಮರದ ಕೆಳಗೆ ತಂದಿಟ್ಟ. ಇಬ್ಬರು ಯಜಮಾನರೂ ಬಂದರು. ಮೇಲಿನವರ ಪರೀಕ್ಷೆ, ಕಮ್ಮಾರರು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಕಬ್ಬಿಣದ ಮೊಳೆಯಿಟ್ಟು ಕಡಿಯುವುದು. ಮೊಳೆ ಎರಡಾಯಿತು, ಅಂಚು ಮುಕ್ಕಾಗಲಿಲ್ಲ. ಕೆಳಗಿನವರ ಪರೀಕ್ಷೆ, ಮರದ ಕಾಂಡಕ್ಕೆ ಒತ್ತಿ ಬಗ್ಗಿಸಿ ಬಿಡುವುದು. ಕತ್ತಿ ಬಿಲ್ಲಿನಂತೆ ಬಗ್ಗಿತು, ಬಿಟ್ಟ ಕೂಡಲೇ ಮೊದಲಿನಂತಾಯಿತು. ಜನ ತಲೆದೂಗಿದರು. ಯಜಮಾನರು ಮಾತ್ರ ತಲೆದೂಗಲಿಲ್ಲ.

"ಮೊಳೆ ಕಡಿದದ್ದು ನಮ್ಮ ಉಕ್ಕು. ಬಿಲ್ವದೆಲೆ ಒತ್ತಿಸ್ಕೋ. ಆ ಕೆಳಗಿನವರದ್ದು ಏನು ಸೇರ್ಕೊಂಡೈತೋ ಅದನ್ನ ತೆಗೆದುಬಿಡು" ಎಂದ ಮೇಲುಕೇರಿಯ ಯಜಮಾನ.

"ಬಗ್ಗಿ ಎದ್ದದ್ದು ನಮ್ಮ ಕಬ್ಬಿಣ. ಇವನವ್ವ ನಮ್ಮ ಕೇರಿ ಮಗಳು. ಲಾಳ ಒತ್ಲಿ, ಅವರದನ್ನ ತೆಗೀಲಿ" ಎಂದ ಕೆಳಕೇರಿಯ ಯಜಮಾನ.

"ಆಗಲಿ, ತೆಗೀತೀನಿ" ಎಂದ ಕಮ್ಮಾರ. ಕತ್ತಿಯ ಮೈಗೆಲ್ಲ ನಿಂಬೆಹಣ್ಣು ಹಿಂಡಿ ತಿಕ್ಕಿದ. ಒರೆಸಿ, ಒಂದು ಬಳಪದ ತುಂಡನ್ನು ಮುಂದೆ ಹಿಡಿದ. "ನಿಮ್ಮದು ಎಲ್ಲಿಗೆ ಮುಗೀತದೆ, ಅವರದು ಎಲ್ಲಿಂದ ಶುರು, ಗೆರೆ ಎಳ್ಕೊಡಿ ಯಜಮಾನ್ರೇ. ನಿಮ್ಮ ಕಣ್ಮುಂದೇನೇ ಕೊಯ್ತೀನಿ."

ಹುಳಿ ತಿಂದ ಕತ್ತಿಯ ಮೇಲೆ ಕಪ್ಪು ಬಿಳುಪು ಎಳೆಗಳು ಎದ್ದಿದ್ದವು. ಕಪ್ಪು ಉಕ್ಕು, ಬಿಳುಪು ಕಬ್ಬಿಣ. ಮೇಲುಕೇರಿಯ ಯಜಮಾನ ಇದೇನು ಮಹಾ ಎಂದು ಬಳಪ ತೆಗೆದುಕೊಂಡ. ಬುಡದಿಂದ ಕಪ್ಪಿನ ಅಂಚು ಹಿಡಿದು ಹೊರಟ. ಗೆರೆ ಸ್ವಲ್ಪ ದೂರ ಹೋಗಿ ಮಡಚಿಕೊಂಡಿತು, ಬೆನ್ನಿನ ಕಡೆ ಏರಿತು, ಸುತ್ತಿ ಬಂತು. ಅವನು ಕಣ್ಣು ಕಿರಿದು ಮಾಡಿ ಬಗ್ಗಿ ಬಗ್ಗಿ ಎಳೆದ. ಬಹಳ ಹೊತ್ತಿನ ಮೇಲೆ ಬಳಪ ಹೊರಟ ಜಾಗಕ್ಕೇ ಬಂದು ನಿಂತಿತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಯಜಮಾನನ ಮುಖ ಇಂಗು ತಿಂದ ಮಂಗನಂತಾಯಿತು. ಅವನು ಬಳಪವನ್ನು ಕೆಳಕೇರಿಯ ಯಜಮಾನನ ಕಡೆ ಚಾಚಿದ. ಆತ ಕೈ ಹಿಂದಕ್ಕೆ ಕಟ್ಟಿಕೊಂಡ.

ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಎರಡೂ ಕೇರಿ ಒಂದೇ ಮಾತಾಡಿದವು. ಇದು ಯಾರದೂ ಅಲ್ಲದ ಕತ್ತಿ, ಇದಕ್ಕೆ ಅಚ್ಚಿಲ್ಲ, ಇದನ್ನು ಮಾಡಿದವನಿಗೆ ಬೆಂಕಿಯಿಲ್ಲ ಎಂದು ತೀರ್ಮಾನವಾಯಿತು.

ಹಬ್ಬದ ಹಿಂದಿನ ದಿನ ಊರಿನ ಕುಲುಮೆಗಳೆಲ್ಲ ಆರಿದವು. ಕಮ್ಮಾರನೂ ತನ್ನದನ್ನು ಆರಿಸಿದ. ಮರುದಿನ ಬೆಳಿಗ್ಗೆ ಮೇಲುಕೇರಿಯ ಯಜಮಾನ ಕೆಂಡದ ಮಡಕೆ ಹಿಡಿದು ಮನೆಮನೆ ತಿರುಗುತ್ತಾ ಕೊನೆಯ ಬಾಗಿಲಿಗೆ ಬಂದ. ಅಷ್ಟೊಂದು ಕೆಟ್ಟವನೇನಲ್ಲ. ದಾಟಿ ಹೋಗಲು ಅವನಿಗೂ ಮನಸ್ಸಾಗಲಿಲ್ಲ. ಹಿಂದಿದ್ದ ಜನರಿಗೆ ಕೇಳದಂತೆ ಮೆಲ್ಲಗೆ ಹೇಳಿದ.

"ಒಂದೇ ಮಾತು ಕಣೋ. ಇದು ಮೇಲುಕೇರಿ ಕತ್ತಿ ಅಂತ ಅಂದುಬಿಡು, ಕೆಂಡ ಹಾಕ್ತೀನಿ. ಆಮೇಲೆ ಒಳಗೆ ನಿನಗೆ ಬೇಕಾದ್ದು ಮಾಡ್ಕೋ. ಯಾರು ಬಂದು ನೋಡ್ತಾರೆ?"

ಕಮ್ಮಾರ ತಮ್ಮನ ಕಡೆ ನೋಡಿದ. ತಮ್ಮ ತಿದಿಯ ಮುಂದೆ ಕೂತಿದ್ದ, ಮೊಂಡುಗೈ ತೊಡೆಯ ಮೇಲಿತ್ತು. ಆ ಒಂದು ಮಾತು ಆಡಿದರೆ ಈ ಕೈಯನ್ನು ಎರಡನೆಯ ಸಲ ಕಡಿದಂತೆ ಎಂದು ಕಮ್ಮಾರನಿಗೆ ಅನ್ನಿಸಿತು.

"ಇವನ ಕತ್ತೀಲೂ ನಿಮ್ಮ ಅಚ್ಚಿತ್ತು, ಯಜಮಾನ್ರೇ" ಎಂದ. "ಅಚ್ಚು ಮುರೀಲಿಲ್ಲ. ಕತ್ತಿ ಮುರೀತು. ನಿಮ್ಮ ಬೆಂಕಿ ತಗೊಂಡು ಮುಂದಕ್ಕೆ ನಡೀರಿ."

ಯಜಮಾನ ಮಡಕೆ ಎತ್ತಿಕೊಂಡ. ಆದರೆ ಅವನು ತಿರುಗುವ ಮೊದಲೇ ಕಮ್ಮಾರ ಒಳಗೆ ಹೋಗಿ ಕಿರುಬೆರಳಿಗಿಂತ ಸಣ್ಣದಾದ ಒಂದು ಕಬ್ಬಿಣದ ಕಡ್ಡಿ ತಂದ. ಅಡಿಗಲ್ಲಿನ ಮೇಲಿಟ್ಟು ತಣ್ಣಗಿದ್ದ ಹಾಗೆಯೇ ಬಡಿಯತೊಡಗಿದ. ಒಂದು ಪೆಟ್ಟು, ಕಡ್ಡಿಗೆ ಒಂದು ಕಾಲುಸುತ್ತು, ಮತ್ತೊಂದು ಪೆಟ್ಟು. ಉಸಿರು ಬಿಡಲೂ ನಿಲ್ಲಿಸಲಿಲ್ಲ. ತಣ್ಣಗಿನ ಕಬ್ಬಿಣ ಪೆಟ್ಟು ತಿಂದೂ ತಿಂದೂ ಕೆಂಪಾಗುತ್ತದೆಂದು ಎರಡೂ ಕೇರಿಯ ಪ್ರತಿ ಕಮ್ಮಾರನಿಗೂ ಗೊತ್ತಿತ್ತು. ಮನೆ ಬಾಗಿಲಿಗೆ ಕೆಂಡ ಬರುತ್ತಿದ್ದಾಗ ಅದನ್ನು ಯಾರೂ ನೆನಪಿಟ್ಟುಕೊಂಡಿರಲಿಲ್ಲ, ಅಷ್ಟೆ. ಕಡ್ಡಿಯ ತುದಿ ಕಂದಿತು, ಆಮೇಲೆ ಮಂದ ಕೆಂಪಾಯಿತು. ತಮ್ಮ ಎಡಗೈಯಲ್ಲಿ ಗಂಧಕ ಸವರಿದ ಅರಳೆ ಹಿಡಿದ. ಅರಳೆ ಹೊತ್ತಿಕೊಂಡಿತು. ಅದನ್ನು ಇದ್ದಿಲಿನ ಕೆಳಗೆ ತುರುಕಿ ತಮ್ಮ ತಿದಿ ಒತ್ತಿದ.

ಯಜಮಾನ ಮಡಕೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಅವನ ಮಡಕೆಯಲ್ಲಿನ ಕೆಂಡ ಆ ಹೊತ್ತಿಗೆ ಬೂದಿ ಕಟ್ಟಿತ್ತು.

ಗುರುಗಳು ಕತೆ ನಿಲ್ಲಿಸಿದರು. ಕರಿಬಸವ ಇನ್ನೂ ಇದೆಯೆಂದು ಕಾದ. ಅವನು ಕಾಯುವುದನ್ನು ನೋಡಿ ಗುರುಗಳು ತೇಯುವ ಕಲ್ಲನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

"ಆ ಕತ್ತಿ ಕೊನೆಗೂ ಕೋಟೆ ಬಾಗಿಲು ದಾಟಿತೇ?" ಎಂದು ಕರಿಬಸವ ಕೇಳಿದ.

"ನನಗೆ ಗೊತ್ತಿಲ್ಲ. ಬೆಂಕಿ ಹೊತ್ತಿದ್ದು ಗೊತ್ತು" ಎಂದರು ಗುರುಗಳು.

ಕರಿಬಸವನಿಗೆ ಸಮಾಧಾನವಾಗಲಿಲ್ಲ. ಅವನಿಗೆ ನಾಳೆಯ ಚಿಂತೆ. "ಕಮ್ಮಾರನ ಕತ್ತಿಯಲ್ಲಿ ಗೆರೆ ಸಿಗಲಿಲ್ಲ, ಸರಿ" ಎಂದ. "ನನ್ನ ವಿಷಯ ಹಾಗಲ್ಲ, ಗುರುಗಳೇ. ನನ್ನ ಕೈಯಲ್ಲಿ ಗೆರೆ ಎದ್ದು ಕಾಣುತ್ತದೆ. ಮೂರು ಬೆರಳು ಮಠದ್ದು, ಕಿರುಬೆರಳೊಂದು ಹಕೀಮರದ್ದು. ಅವರು ಕೇಳುತ್ತಿರುವುದು ಅದೊಂದನ್ನೇ."

ಗುರುಗಳು ತಮ್ಮ ಬಲಗೈಯನ್ನು ಅವನ ಮುಂದೆ ಚಾಚಿದರು. ಕರಿಬಸವ ಅಭ್ಯಾಸಬಲದಿಂದ ನಾಡಿ ಹಿಡಿದ. ನಾಲ್ಕು ಬೆರಳೂ ಹೋಗಿ ಕೂತವು. ಅವನು ನಾಚಿ ಕಿರುಬೆರಳನ್ನು ಮಡಚಿಕೊಂಡ. ಮೂರು ಉಳಿದವು.

ಗುರುಗಳು ಆ ಮೂರು ಬೆರಳುಗಳನ್ನು ನೋಡುತ್ತಾ ಕೇಳಿದರು, "ಈ ಮೂರನ್ನು ಮೊಟ್ಟಮೊದಲು ಹಿಡಿದು ನಾಡಿಯ ಮೇಲೆ ಇಡಿಸಿದ ಕೈ ಯಾರದು, ಕರಿಬಸವ?"